ಫೋಟೊದಲ್ಲಿ ಅಡಗಿಸಿದ ಗುರುತಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಚಿಕ್ಕಬಳ್ಳಾಪುರದ ಸ್ಟುಡಿಯೋ ಗೆಳೆಯರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ನಂದಿಬೆಟ್ಟದ ಮಂಜಿನ ಫೋಟೊ ತೆಗೆಯುವವರು ಇವರು, ತಮ್ಮದೆಂದು ಹಾಕಿಕೊಳ್ಳುವವರು ಇನ್ಯಾರೋ. ಮೂಲೆಯಲ್ಲಿ ಹೆಸರು ಹಾಕಿದರೆ ಅಷ್ಟನ್ನು ಕತ್ತರಿಸುತ್ತಾರೆ. ಅದಕ್ಕೇ ಕಣ್ಣಿಗೆ ಕಾಣದ ಗುರುತಿನ ಬಗ್ಗೆ ಬರೆಯಬೇಕಾಗಿದೆ. ಎರಡು ಕಡೆ ಪದ ಕೂಡುತ್ತಿಲ್ಲ.

ಮೊದಲನೆಯದು ವಾಟರ್‌ಮಾರ್ಕ್. ಸ್ಟುಡಿಯೋದಲ್ಲಿ ಹಾಗಂದರೆ ಮೂಲೆಯಲ್ಲಿ ಕಾಣುವ ಹೆಸರು ಅಂತಲೇ ಅರ್ಥ. 'ಜಲಮುದ್ರೆ', 'ನೀರುಗುರುತು' ಅನ್ನುವವರೂ ಇದ್ದಾರೆ. ಆದರೆ ಆ ನೀರು ಕಾಗದದ ಕೆಲಸದಿಂದ ಬಂದದ್ದು. 13ನೇ ಶತಮಾನದಲ್ಲೇ ಇಟಲಿಯ ಫಾಬ್ರಿಯಾನೊದಲ್ಲಿ ಕಾಗದ ಹಸಿ ಇರುವಾಗ ತಂತಿಯ ಆಕಾರದಿಂದ ಗುರುತು ಮೂಡಿಸುತ್ತಿದ್ದರು. ನೋಟನ್ನು ಬೆಳಕಿಗೆ ಹಿಡಿದಾಗ ಕಾಣುವ ಗಾಂಧಿ ಮುಖವೂ ಅದೇ ಜಾತಿಯದು. ಫೋಟೊ ಫೈಲಿನಲ್ಲಿ ಬದಲಾಗುವುದು ಬರೀ ಅಂಕಿ. ಚಿತ್ರದ ಒಂದು ಚುಕ್ಕಿಯ (ಪಿಕ್ಸೆಲ್) ಕೆಂಪು ಅಂದರೆ ಸಾಮಾನ್ಯವಾಗಿ 0ಯಿಂದ 255ರೊಳಗಿನ ಒಂದು ಅಂಕಿ. 142 ಇದ್ದದ್ದು 143 ಆದರೆ ಯಾರ ಕಣ್ಣಿಗೂ ತಿಳಿಯುವುದಿಲ್ಲ. 'ಒಳಗುರುತು' ಕೇಳಲು ಚೆನ್ನ. ಆದರೆ ಕ್ಯಾಮೆರಾ ಬರೆದಿಡುವ ತಾರೀಖು, ಲೆನ್ಸ್ ವಿವರ ಕೂಡ ಫೈಲಿನ ಒಳಗೇ ಇರುತ್ತವಲ್ಲ, ಗೊಂದಲ ಆಗುತ್ತದೆ. 'ಅಡಗುಗುರುತು' ನನಗೆ ಹಿಡಿಸಿದೆ.

ಎರಡನೆಯದು ಇದಕ್ಕಿಂತ ಮುಖ್ಯ. 'ಗುರುತು ಪತ್ತೆಯಾಗಲಿಲ್ಲ' ಅಂತ ಬರೆದರೆ ಓದುವವರು 'ಗುರುತು ಇಲ್ಲ' ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ. ಹುಡುಕುವ ತಂತ್ರಾಂಶಕ್ಕೆ ಸಾಮಾನ್ಯವಾಗಿ ಗುರುತು ಹಾಕಿದವರ ಗುಟ್ಟಿನ ಕೀಲಿ, ಅಂದರೆ ಪಾಸ್‌ವರ್ಡ್‌ನಂಥ ಒಂದು ಗುಟ್ಟು, ಬೇಕಾಗುತ್ತದೆ. ಅದನ್ನಿಟ್ಟುಕೊಂಡು ಚಿತ್ರವನ್ನು ತಾಳೆ ನೋಡುತ್ತದೆ. ಹೊಂದಿಕೆ ಒಂದು ಮಟ್ಟ ದಾಟಿದರೆ ಮಾತ್ರ 'ಇದೆ' ಅನ್ನುತ್ತದೆ. ಅಂಕಿಯ ಕೊನೆಯ ಬಿಟ್‌ನಲ್ಲಿ (ಕಂಪ್ಯೂಟರ್ ಅಂಕಿ ಬರೆಯುವ 0, 1ರ ಸಾಲಿನ ಕೊನೆಯದರಲ್ಲಿ) ಅಡಗಿಸಿದ್ದು, ಫೋಟೊವನ್ನು ಕುಗ್ಗಿಸಿ ಜೆಪೆಗ್ ಮಾಡಿದರೆ ಸಾಕು, ಕೆಟ್ಟುಹೋಗುತ್ತದೆ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದ ಫೋಟೊಗೂ ಅದೇ ಗತಿ. ಚಿತ್ರದ ತುಂಬ ಹರಡಿದ ಗುರುತು ಜಾಸ್ತಿ ಬಾಳುತ್ತದೆ. ಇನ್ನೊಂದು ವಿಷಯ: ಎಐ ಮಾಡಿದ ಚಿತ್ರಗಳಿಗೆ ಅಡಗುಗುರುತು ಹಾಕಲು 2023ರಲ್ಲಿ ಗೂಗಲ್ ತಂದ ಸಿಂಥ್‌ಐಡಿಯ ಪರೀಕ್ಷೆ ಹುಡುಕುವುದು ಸಿಂಥ್‌ಐಡಿ ಗುರುತನ್ನೇ. ಬೇರೆಯವರು ಬೇರೆ ರೀತಿಯಲ್ಲಿ ಹಾಕಿದ್ದು ಅದಕ್ಕೆ ಕಾಣುವುದಿಲ್ಲ.

ಹಾಗಾಗಿ 'ಸಿಗಲಿಲ್ಲ' ಎಂದೇ ಬರೆಯೋಣ ಅನ್ನಿಸುತ್ತಿದೆ. ಕನ್ನಡಕ ಸಿಗಲಿಲ್ಲ ಅಂದರೆ ಕನ್ನಡಕವೇ ಇಲ್ಲ ಅಂತ ಯಾರೂ ತಿಳಿಯುವುದಿಲ್ಲ, ಅಲ್ವಾ? ಗುರುತು ಇದೆ ಅಂತ ಕಂಡುಕೊಳ್ಳುವುದಕ್ಕೆ 'ಪತ್ತೆ', ಅದರಲ್ಲಿ ಯಾರ ಹೆಸರಿದೆ ಅಂತ ತಿಳಿಯುವುದಕ್ಕೆ 'ಓದು' ಎಂದು ಬೇರೆ ಮಾಡಿದ್ದೇನೆ. ಇವೆರಡು ಒಂದೇ ಕೆಲಸವಲ್ಲ.

ಕೋಲಾರ, ತುಮಕೂರು ಕಡೆಯ ಫೋಟೊದವರ ಬಾಯಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. 'ಅಡಗುಗುರುತು' ಕಿವಿಗೆ ಒರಟು ಅನ್ನಿಸಿದರೆ ಅದನ್ನೂ ಹೇಳಿ, ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.