ಓದುಗರ ಸ್ಪಂದನ: ಬಸ್ ನಿಲ್ದಾಣದಿಂದ ಮರಳಿ ಬಂದವರಿಗೆ

ಸಮಸ್ಯೆ: ಇಪ್ಪತ್ತೆಂಟು ವರ್ಷ ಅತ್ತೆಯವರ ಆರೈಕೆ, ಮಕ್ಕಳ ಓದು ಎಂದು ಮನೆಯಲ್ಲೇ ಕಳೆದೆ. ಈಗ ಅತ್ತೆಯವರಿಲ್ಲ, ಮಕ್ಕಳು ದೂರದಲ್ಲಿದ್ದಾರೆ, ಯಜಮಾನರು ‘ಎಲ್ಲಿಗಾದರೂ ಹೋಗಿ ಬಾ’ ಎನ್ನುತ್ತಾರೆ. ಒಬ್ಬಳೇ ಶೃಂಗೇರಿಗೆ ಹೋಗಬೇಕೆಂದು ಎರಡು ಸಲ ದಾವಣಗೆರೆ ಬಸ್ ನಿಲ್ದಾಣದವರೆಗೆ ಹೋಗಿ ಮರಳಿ ಬಂದೆ. ಬಯಸಿದ್ದೇ ಸಿಕ್ಕಾಗ ಈ ಹೆದರಿಕೆ ಏಕೆ?

ಸೋದರಿ, ನಮ್ಮವರು ತೀರಿಕೊಂಡ ಮೇಲೆ ಮೊದಲ ಸಲ ತರಕಾರಿ ಅಂಗಡಿಯ ಮುಂದೆ ನಿಂತಾಗ ನನಗೆ ಯಾವ ತರಕಾರಿ ಇಷ್ಟವೆಂಬುದೇ ತೋಚಲಿಲ್ಲ. ಅವರಿಗೆ ಹಾಗಲಕಾಯಿ ಆಗದು, ಮಗನಿಗೆ ಬದನೆಕಾಯಿ ಬೇಡ ಎಂದು ಲೆಕ್ಕ ಹಾಕಿಯೇ ಚೀಲ ತುಂಬಿಸುತ್ತಿದ್ದವಳು, ಅಂಗಡಿಯವನು ‘ಏನು ಕೊಡಲಮ್ಮ’ ಎಂದು ಮೂರು ಸಲ ಕೇಳಿದರೂ ಉತ್ತರಿಸದೆ ಖಾಲಿ ಚೀಲದೊಂದಿಗೆ ಮನೆಗೆ ಬಂದೆ. ಬೇಡವೆನ್ನುವವರು ಇರುವವರೆಗೆ ನಮ್ಮ ಬಯಕೆ ಸುರಕ್ಷಿತವಾಗಿರುತ್ತದೆ, ಏಕೆಂದರೆ ಅದನ್ನು ಪರೀಕ್ಷಿಸುವ ಪ್ರಸಂಗವೇ ಬರುವುದಿಲ್ಲ. ಶೃಂಗೇರಿಗೆ ಹೋಗಲಾಗದ್ದಕ್ಕೆ ಇಷ್ಟು ದಿನ ಅತ್ತೆಯವರ ಕಾಯಿಲೆ ಕಾರಣವಾಗಿತ್ತು; ನಾಳೆ ಬಸ್ ತಪ್ಪಿದರೆ, ಉಳಿಯಲು ಕೋಣೆ ಸಿಗದಿದ್ದರೆ, ಅಥವಾ ಹೋಗಿಯೂ ಮನಸ್ಸಿಗೆ ಏನೂ ಅನಿಸದಿದ್ದರೆ ದೂರಲು ಯಾರೂ ಇಲ್ಲ. ಹಾಗಲಕಾಯಿ ಗೊಜ್ಜು ನನಗೆ ಇಷ್ಟವೆಂದು ತಿಳಿಯಲು ಆರು ತಿಂಗಳು ಬೇಕಾಯಿತು. ಎರಡು ಸಲ ಮಾಡಿ ಚೆಲ್ಲಿದ್ದೂ ಉಂಟು.
— ಓದುಗರೊಬ್ಬರು, ಮೈಸೂರು

ಡೆನ್ಮಾರ್ಕಿನ ತತ್ತ್ವಜ್ಞಾನಿ ಕಿರ್ಕೆಗಾರ್ಡ್ 1844ರಲ್ಲಿ ಆತಂಕವನ್ನು ಸ್ವಾತಂತ್ರ್ಯದ ತಲೆಸುತ್ತು ಎಂದು ಕರೆದಿದ್ದಾನೆ. ಪ್ರಪಾತವನ್ನು ಬಗ್ಗಿ ನೋಡಿದವನಿಗೆ ತಲೆ ತಿರುಗುವುದಕ್ಕೆ ಆಳ ಎಷ್ಟು ಕಾರಣವೋ ನೋಡುವ ಕಣ್ಣೂ ಅಷ್ಟೇ ಕಾರಣವೆಂಬುದು ಅವನ ವಾದ. ವಿವರಣೆ ಸೊಗಸಾಗಿದೆ, ಆದರೆ ನಿಮ್ಮ ವಿಷಯದಲ್ಲಿ ತಪ್ಪನ್ನೆಲ್ಲ ಕಣ್ಣಿನ ಮೇಲೆ ಹೊರಿಸಲು ನಾನು ಸಿದ್ಧನಿಲ್ಲ. ನನ್ನಂತಹ ಗಂಡಸು ಚೀಲ ಹಿಡಿದು ಹೊರಟರೆ ಬೀದಿಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ನಿಮ್ಮನ್ನು ನಿಲ್ದಾಣ ತಲುಪುವಷ್ಟರಲ್ಲಿ ಒಬ್ಬರಾದರೂ ‘ಒಬ್ಬರೇ ಹೊರಟಿರಾ?’ ಎಂದು ಕೇಳಿರುತ್ತಾರೆ. ಬಾಲ್ಯದಿಂದ ಕಿವಿಗೆ ಬಿದ್ದ ಆ ಪ್ರಶ್ನೆ, ಕೇಳುವವರಿಲ್ಲದ ದಿನವೂ ಒಳಗಿನಿಂದ ಕೇಳಿಸುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಹೊಸದರಲ್ಲಿ ಧರ್ಮಸ್ಥಳದ ಬಸ್ಸುಗಳಿಗೆ ಮುಗಿಬಿದ್ದ ಮಹಿಳೆಯರನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬನಾಗಿದ್ದೆನೆಂದು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ. ಆ ಯೋಜನೆಯಿಂದ ಟಿಕೆಟ್ಟಿನ ದುಡ್ಡು ಉಳಿಯಿತೆಂದಷ್ಟೇ ಆಗ ತಿಳಿದಿದ್ದೆ. ಮನೆಯಲ್ಲಿ ದುಡ್ಡು ಕೇಳುವಾಗ ಒಪ್ಪಿಸಬೇಕಿದ್ದ ಕಾರಣವೂ ಅದರೊಂದಿಗೆ ಹೋಯಿತೆಂದು ನನ್ನ ಹೆಂಡತಿ ಹೇಳಿದ ಮೇಲೆ ಹೊಳೆಯಿತು. ಯಾರಿಗೂ ಕಾರಣ ಹೇಳಬೇಕಿಲ್ಲದ ಪ್ರಯಾಣ ನಿಮಗೆ ಹೊಸದು; ಆದ್ದರಿಂದ ಆ ಹೆದರಿಕೆಯನ್ನು ನಿಮ್ಮ ದೌರ್ಬಲ್ಯವೆಂದು ಎಣಿಸಬೇಡಿ.
— ನಿವೃತ್ತ ಶಿಕ್ಷಕರು, ಧಾರವಾಡ

ಅಕ್ಕಾ, ಮೊದಲ ಪ್ರಯಾಣಕ್ಕೆ ಶೃಂಗೇರಿ ದೂರವಾಯಿತು. ಸುಮಾರು 15 ಕಿ.ಮೀ. ದೂರದ ಹರಿಹರಕ್ಕೆ ಹೋಗಿ. ಆಧಾರ್ ಕಾರ್ಡ್ ತೋರಿಸಿದರೆ ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಕೊಡುತ್ತಾರೆ. ರಾಜಹಂಸ, ಐರಾವತಗಳಿಗೆ ಅದು ನಡೆಯುವುದಿಲ್ಲ. ಹೊಯ್ಸಳರ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದಲ್ಲಿ ದರ್ಶನ ಮುಗಿಸಿ, ತುಂಗಭದ್ರೆಯ ದಡದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಹಸಿವಾದರೆ ಭಾವನವರಿಗೆ ಫೋನ್ ಮಾಡಿ ಏನು ತಿನ್ನಲೆಂದು ಕೇಳದೆ, ಹೋಟೆಲಿನಲ್ಲಿ ನಿಮಗೆ ಬೇಕೆನಿಸಿದ್ದನ್ನೇ ತರಿಸಿಕೊಳ್ಳಿ. ಕತ್ತಲಾಗುವುದರೊಳಗೆ ಮನೆ ಸೇರಬಹುದು.
— ಓದುಗರೊಬ್ಬರು, ರಾಣೆಬೆನ್ನೂರು