ಪುಟ್ಟಾ, ತಪ್ಪು ಗಾಗಲ್ಸ್‌ದಲ್ಲ

ಪುಟ್ಟಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಒಲೆ ಮೇಲೆ ಅನ್ನ ಇದೆ, ಟೈಪ್ ಮಾಡುತ್ತಾ ಕೂತರೆ ತಳ ಹಿಡಿಯುತ್ತದೆ. ಅದಕ್ಕೆ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಯಾರೂ ಬೈಕೋಬೇಡಿ. ಬೇಡ ಅನ್ನಿಸಿದವರು ಮುಂದಕ್ಕೆ ಓಡಿಸಿಬಿಡಿ.

ಗ್ರೂಪಿನಲ್ಲಿ ಮೇಲಿನದು ಓದದವರಿಗೆ ವಿಷಯ ಹೇಳಿಬಿಡುತ್ತೇನೆ. ನಮ್ಮ ಪುಟ್ಟ ಹೋದ ಶನಿವಾರ ಸ್ನೋಕ್ವಾಲ್ಮಿ ಪಾಸ್‌ಗೆ ಸ್ನೋಬೋರ್ಡ್ ಮಾಡಲು, ಅಂದರೆ ಎರಡೂ ಕಾಲಿಗೆ ಒಂದೇ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರಲು, ಹೋಗಿದ್ದ. ಆ ಜಾಗ ಅಮೆರಿಕದ ಸಿಯಾಟಲ್‌ನಿಂದ ಐ-90 ಹೈವೇಯಲ್ಲಿ ಸುಮಾರು 80 ಕಿಲೋಮೀಟರ್. ಗಾಗಲ್ಸ್, ಅದೇ ಹಿಮದಲ್ಲಿ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಳ್ಳುವ ದೊಡ್ಡ ಕನ್ನಡಕ, ಅದರೊಳಗೆ ಆವಿ ಕಟ್ಟಿ ಏನೂ ಕಾಣಲಿಲ್ಲವಂತೆ. ಬಿದ್ದ, ಎದ್ದ, ಮತ್ತೆ ಬಿದ್ದ, ಬೇಜಾರಾಗಿ ಮಧ್ಯಾಹ್ನಕ್ಕೇ ವಾಪಸ್ ಬಂದ. ಈಗ ಇನ್ನೂರು ಡಾಲರ್ ಕೊಟ್ಟು ಹೊಸ ಗಾಗಲ್ಸ್ ತಗೊಳ್ಳಲಾ ಅಂತ ಕೇಳಿದ್ದಾನೆ. ಅದಕ್ಕೆ ನಮ್ಮ ಅಮ್ಮ, ಅಂದರೆ ಅವನ ಅಜ್ಜಿ, "ಮಂಜು ಕೂತರೆ ಒರೆಸಿಕೊಳ್ಳಪ್ಪ" ಅಂದಿದ್ದಾರೆ. ಶಿವಮೊಗ್ಗದ ಭಾವ ಟೂತ್‌ಪೇಸ್ಟ್ ಹಚ್ಚು ಅಂದಿದ್ದಾರೆ. ನಮ್ಮ ದೊಡ್ಡಣ್ಣ, ಅಂದರೆ ನಿನ್ನ ದೊಡ್ಡಪ್ಪ, ಹೊಗೆಸೊಪ್ಪು ಉಜ್ಜು ಅಂದಿದ್ದಾನೆ.

ಪುಟ್ಟಾ, ಹೊಸದು ತಗೋಬೇಡ. ಒರೆಸಲೂ ಬೇಡ. ಪೇಸ್ಟೂ ಬೇಡ, ಹೊಗೆಸೊಪ್ಪೂ ಬೇಡ. ನಿನ್ನ ಗಾಗಲ್ಸ್ ಫೋಟೋ ನೋಡಿದೆ, ಚೆನ್ನಾಗೇ ಇದೆ. ಅದರೊಳಗೆ ಬಂದ ಆವಿ ಹಿಮದ್ದಲ್ಲ ಕಣೋ, ನಿಂದೇ. ನಿನ್ನ ಉಸಿರು, ನಿನ್ನ ಬೆವರು.

ಕನ್ನಡದಲ್ಲಿ ಒಂದು ತೊಂದರೆ ನೋಡು, ಹಿಮಕ್ಕೂ ಮಂಜು ಅಂತೀವಿ, ಆವಿ ಕಟ್ಟಿದರೂ ಮಂಜು ಅಂತೀವಿ. ಅಮ್ಮ ಪಾಪ, ಹೊರಗಿನಿಂದ ಹಿಮ ಬಿದ್ದು ಕೂರುತ್ತದೆ ಅಂದುಕೊಂಡಿದ್ದಾರೆ. ಇದು ಒಳಗಡೆ ಆಗುವ ಕೆಲಸ ಅಮ್ಮಾ. ನೀನು ಇಡ್ಲಿ ಪಾತ್ರೆ ಮುಚ್ಚಳ ತೆಗೆದು ಬಗ್ಗಿದ ಕೂಡಲೇ ಕನ್ನಡಕ ಬೆಳ್ಳಗಾಗುತ್ತಲ್ಲ, ಅದೇ ಇದು... ಇರಿ ಒಂದು ನಿಮಿಷ, ಅನ್ನ ನೋಡುತ್ತೇನೆ. ಹಾಂ, ಆಯ್ತು. ನೋಡಿ, ಈಗಷ್ಟೇ ನನ್ನ ಕನ್ನಡಕಕ್ಕೂ ಅದೇ ಆಯ್ತು! ಪಾತ್ರೆ ಎದುರಿಗೆ ನಿಂತರೆ ಹೋಗುವುದಿಲ್ಲ. ಎರಡು ಹೆಜ್ಜೆ ಹಿಂದೆ ಬಂದರೆ ಒರೆಸದೇ ತಾನಾಗಿ ಹೋಗುತ್ತದೆ.

ಬೆಚ್ಚಗಿನ ಒದ್ದೆ ಗಾಳಿ ತಣ್ಣಗಿನ ಲೆನ್ಸಿಗೆ ತಾಗಿದರೆ ಸಣ್ಣ ಸಣ್ಣ ಹನಿ ಕಟ್ಟುತ್ತದೆ. ನಿನ್ನ ಉಸಿರು 30 ಡಿಗ್ರಿಗಿಂತ ಬಿಸಿ, ತುಂಬಾ ತೇವ ಬೇರೆ. ಹೊರಗೆ ಸೊನ್ನೆ ಡಿಗ್ರಿ. ಗಾಗಲ್ಸಿಗೆ ಎರಡು ಪದರ ಲೆನ್ಸ್ ಇರುವುದೇ ಇದಕ್ಕೆ. ಹೊರಗಿನದು ಚಳಿ ತಡೆಯುತ್ತದೆ, ನಡುವೆ ಗಾಳಿ ಇರುತ್ತದೆ, ಒಳಗಿನದು ಸ್ವಲ್ಪ ಬೆಚ್ಚಗೆ ಉಳಿಯುತ್ತದೆ. ಇಲ್ಲಿಯ ಮನೆ ಕಿಟಕಿಗೆ ಎರಡು ಗಾಜು ಇರುವುದಿಲ್ಲವಾ, ಹಾಗೇ. ಇದನ್ನು ಮಾಡಿದವರು ಹಲ್ಲು ಸರಿಮಾಡುವ ಡಾಕ್ಟರ್ ಅಂದರೆ ನಂಬುತ್ತೀಯಾ? ಬಾಬ್ ಸ್ಮಿತ್ ಅಂತ. 1965ರಲ್ಲಿ ಎರಡು ಲೆನ್ಸ್ ಸೇರಿಸಿ, ಗಾಳಿಯಾಡುವ ಫೋಮ್ ಅಂಟಿಸಿ ಈ ಥರದ ಗಾಗಲ್ಸ್ ಮಾಡಿದರು. ಅವರ ಹೆಸರಿನ ಕಂಪನಿ ಈಗಲೂ ಇದೆ. ಇನ್ನೊಂದು ತಮಾಷೆ, ಸ್ನೋಬೋರ್ಡಿನ ಅಜ್ಜ ಅನ್ನಬಹುದಾದ 'ಸ್ನರ್ಫರ್' ಹುಟ್ಟಿದ್ದೂ ಅದೇ 1965ರ ಕ್ರಿಸ್‌ಮಸ್ ದಿನ. ಮಿಷಿಗನ್‌ನಲ್ಲಿ ಶರ್ಮನ್ ಪಾಪೆನ್ ಅನ್ನುವವರು ಮಕ್ಕಳಿಗೆ ಆಟಕ್ಕೆ ಅಂತ ಎರಡು ಸ್ಕೀ, ಅದೇ ಒಂದೊಂದು ಕಾಲಿಗೆ ಒಂದೊಂದು ಕಟ್ಟುವ ಜಾರುವ ಪಟ್ಟಿ, ಜೋಡಿಸಿ ಮಾಡಿದ್ದು. ಹೋಗಲಿ, ಎಲ್ಲಿಗೋ ಹೋದೆ.

ಒರೆಸುವ ವಿಷಯ ಹೇಳುತ್ತಿದ್ದೆ ಅಲ್ವಾ. ಒಳಗಿನ ಲೆನ್ಸಿಗೆ ಒಂದು ತೆಳ್ಳನೆಯ ಲೇಪ ಇರುತ್ತದೆ. ನೀರು ಹನಿ ಹನಿಯಾಗಿ ನಿಲ್ಲದೆ ಹಾಳೆಯ ಹಾಗೆ ಹರಡಿಕೊಳ್ಳುವಂತೆ ಅದು ಮಾಡುತ್ತದೆ. ಹನಿ ಇದ್ದರೆ ಬೆಳಕು ಚೆದುರಿ ಬೆಳ್ಳಗೆ ಕಾಣುತ್ತದೆ, ಹರಡಿಕೊಂಡರೆ ಆಚೆ ಕಾಣುತ್ತದೆ. ಆ ಲೇಪ ಬಲು ನಾಜೂಕು, ಒದ್ದೆ ಇದ್ದಾಗ ಇನ್ನೂ ಮೆತ್ತಗೆ. ಆಗ ಗ್ಲೌಸಿನಲ್ಲಿ ಒಂದು ಸಲ ಉಜ್ಜಿದರೆ ಗೀರು ಬಿದ್ದು ಲೇಪ ಎದ್ದು ಹೋಗುತ್ತದೆ. ಆಮೇಲೆ ಆ ಜಾಗದಲ್ಲೇ ಪ್ರತಿ ಸಲ ಆವಿ ಕಟ್ಟುತ್ತದೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಮೊದಲನೇ ವರ್ಷ ನಾನು ಹೋದಾಗ ಅಮ್ಮ ಫೋನಿನಲ್ಲಿ ಹೇಳಿದ್ದರು, ಕಿವಿ ಮೂಗು ಎಲ್ಲ ಮುಚ್ಚಿಕೊಳ್ಳೇ, ಶೀತ ಆಗುತ್ತದೆ ಅಂತ. ನಾನು ಒಳ್ಳೆ ಮಗಳು. ನೆಕ್ ಗೇಟರನ್ನು, ಅದೇ ಕುತ್ತಿಗೆಗೆ ಹಾಕುವ ಬಟ್ಟೆ ಕೊಳವೆ, ಮೂಗಿನ ಮೇಲೆ ಎಳೆದು ಅದರ ಅಂಚನ್ನು ಗಾಗಲ್ಸ್ ಒಳಗೇ ಸಿಕ್ಕಿಸಿದ್ದೆ. ಬಿಟ್ಟ ಉಸಿರಿಗೆ ಬೇರೆ ದಾರಿಯೇ ಇಲ್ಲ, ಸೀದಾ ಮೇಲಕ್ಕೆ. ಹತ್ತೇ ನಿಮಿಷಕ್ಕೆ ಏನೂ ಕಾಣಲಿಲ್ಲ. ಗ್ಲೌಸಿನಲ್ಲಿ ಒರೆಸಿದೆ, ಮತ್ತೆ ಕಟ್ಟಿತು, ಮತ್ತೆ ಒರೆಸಿದೆ. ಕೊನೆಗೆ ಕಿತ್ತಳೆ ಬಣ್ಣದ ಬಲೆ ಬೇಲಿಗೆ ಹೋಗಿ ಸಿಕ್ಕಿಕೊಂಡೆ, ಮೀನು ಸಿಕ್ಕಿಕೊಂಡ ಹಾಗೆ. ಬಿಡಿಸಲು ಬಂದ ಹುಡುಗ ಮೊದಲು ಮಾಡಿದ್ದೇ ಆ ಬಟ್ಟೆಯನ್ನು ಮೂಗಿನ ಕೆಳಗೆ ಎಳೆದದ್ದು. ಆ ಗೀರು ಬಿದ್ದ ಗಾಗಲ್ಸ್ ಇನ್ನೂ ನಮ್ಮ ಗ್ಯಾರೇಜಿನಲ್ಲಿದೆ, ಬಂದಾಗ ತೋರಿಸುತ್ತೇನೆ.

ನೀನು ಕಳಿಸಿದ ಸೆಲ್ಫಿ ನೋಡಿದರೆ ನಿಂದೂ ಅದೇ ಅವಸ್ಥೆ. ಮೂಗು ಎಲ್ಲಿದೆ ಅಂತ ಹುಡುಕಬೇಕು! ಮೂಗು ಹೊರಗಿರಲಿ. ಅಲ್ಲಿ ಅಂಥ ಮೂಗು ಉದುರುವ ಚಳಿ ಏನೂ ಇಲ್ಲ. ತೀರಾ ಗಾಳಿ ಹೊಡೆದರೆ ಬಟ್ಟೆಯನ್ನು ಬಾಯಿಗೆ ಮುಚ್ಚಿಕೋ, ಗಾಗಲ್ಸಿನ ಕೆಳಗೆ ಮಾತ್ರ ಸಿಕ್ಕಿಸಬೇಡ. ಅಲ್ಲಿ ಒಂದು ಬೆರಳು ಜಾಗ ಇರಲಿ.

ಇನ್ನೊಂದು, ಸ್ನೋಬೋರ್ಡ್‌ನವರಿಗೆ ಇದು ಸ್ಕೀ ಮಾಡುವವರಿಗಿಂತ ಜಾಸ್ತಿ ಕಾಟ. ಯಾಕೆ ಹೇಳು? ಅವರು ನಿಂತಲ್ಲೇ ಬೂಟು ಟಕ್ ಅಂತ ಸಿಕ್ಕಿಸಿ ಹೊರಡುತ್ತಾರೆ. ನಾವು ಗುಡ್ಡ ಹತ್ತಿಸುವ ಲಿಫ್ಟ್ ಇಳಿದ ಮೇಲೆ ಹಿಮದಲ್ಲಿ ಕೂತು, ಬಗ್ಗಿ, ಹೊಟ್ಟೆ ಮಡಚಿಕೊಂಡು ಬೂಟನ್ನು ಬೋರ್ಡಿಗೆ ಕಟ್ಟುವ ಬೈಂಡಿಂಗ್ ಪಟ್ಟಿ ಬಿಗಿಯಬೇಕು. ಬಗ್ಗಿ ಬುಸು ಬುಸು ಉಸಿರು ಬಿಟ್ಟರೆ ಅದು ಜಾಕೆಟ್ಟಿನ ಕಾಲರಿಗೆ ಬಡಿದು ನೇರ ಗಾಗಲ್ಸ್‌ಗೆ. ಜೊತೆಗೆ ಕೂತಾಗ ಗಾಳಿಯೂ ಇಲ್ಲ. ಗಾಗಲ್ಸಿನ ಮೇಲೆ ಕೆಳಗೆ ತೂತು ಇರುತ್ತಲ್ಲ, ಅದರಲ್ಲಿ ಗಾಳಿ ಆಡುವುದು ನೀನು ಜಾರುತ್ತಿದ್ದಾಗ ಮಾತ್ರ. ಹೊಸಬರು ಜಾರುವುದಕ್ಕಿಂತ ಕೂರುವುದೇ ಹೆಚ್ಚು, ಅಲ್ವಾ. ಹಾಗಾಗಿ ಮೊದಲು ಒಂದರ್ಧ ನಿಮಿಷ ಸುಮ್ನೆ ನಿಂತು ಉಸಿರು ಇಳಿಸಿಕೋ, ಕಾಲರ್ ಜಿಪ್ ಸ್ವಲ್ಪ ಕೆಳಗಿಳಿಸು, ಆಮೇಲೆ ಬಗ್ಗು. ಎದ್ದ ಮೇಲೆ ಮಬ್ಬು ಕಂಡರೆ ಗಾಗಲ್ಸನ್ನು ಮುಖದಿಂದ ಒಂದು ಬೆರಳಷ್ಟು ಮುಂದಕ್ಕೆ ಎಳೆದು ಹಿಡಿ. ಹತ್ತು ಸೆಕೆಂಡಿಗೆ ತಿಳಿಯಾಗುತ್ತದೆ. ಹಿಮ ಬೀಳುತ್ತಿದ್ದರೆ ಗಾಳಿಗೆ ಬೆನ್ನು ಮಾಡಿ ಎಳೆ, ಇಲ್ಲದಿದ್ದರೆ ಒಳಗೆ ಹಿಮ ತುಂಬಿಕೊಳ್ಳುತ್ತದೆ.

ಮತ್ತೆ ಹಣೆ ಮೇಲೆ ಏರಿಸಬೇಡ. ಇದನ್ನು ಎಲ್ಲರೂ ಮಾಡುತ್ತಾರೆ, ಫೋಟೋಗೆ ಚೆನ್ನಾಗಿ ಕಾಣುತ್ತದೆ ಅಂತ. ತಲೆಯ ಬಿಸಿ, ಹಣೆಯ ಬೆವರು ಎಲ್ಲ ಫೋಮಿಗೆ ಇಳಿದು, ಕೆಳಗೆ ಇಳಿಸಿದ ಕೂಡಲೇ ಆವಿ. ಹಾಕಿದರೆ ಕಣ್ಣಿಗೆ, ಇಲ್ಲದಿದ್ದರೆ ಬಿಚ್ಚಿ ಕೈಯಲ್ಲಿ.

ಬೆವರಿನ ವಿಷಯಕ್ಕೆ ಬಂದರೆ, ನೀನು ಅಜ್ಜಿ ಹೆಣೆದ ಸ್ವೆಟರ್ ಒಳಗೆ ಹಾಕಿ ಮೇಲೆ ದಪ್ಪ ಜಾಕೆಟ್ ಹಾಕಿದ್ದೆ, ಫೋಟೋದಲ್ಲಿ ಕಂಡಿತು. ಅಮ್ಮಾ, ಸ್ವೆಟರ್ ಚೆನ್ನಾಗಿದೆ, ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ! ಬಿದ್ದು ಏಳುವವನಿಗೆ ಅಷ್ಟು ಬಟ್ಟೆ ಬೇಡ. ಶುರುವಿನಲ್ಲಿ ಸ್ವಲ್ಪ ಚಳಿ ಅನ್ನಿಸಿದರೆ ಸರಿಯಾಗಿ ಹಾಕಿದ್ದೀಯ ಅಂತ ಅರ್ಥ. ಜಾಕೆಟ್ಟಿನ ಕಂಕುಳಲ್ಲಿ ಒಂದು ಜಿಪ್ ಇರುತ್ತದೆ. ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ತೆಗೆದಿಡು.

ಬಿದ್ದಾಗಲೆಲ್ಲ ಒಂದು ಕೆಲಸ. ಗಾಗಲ್ಸಿನ ಮೇಲಿನ ಫೋಮು, ಹೆಲ್ಮೆಟ್ಟಿನ ಅಂಚು, ಅಲ್ಲಿ ಸಿಕ್ಕಿಕೊಂಡ ಹಿಮವನ್ನು ಬೆರಳಿನಿಂದ ತಟ್ಟಿ ಉದುರಿಸು. ಆ ತೂತು ಮುಚ್ಚಿಹೋದರೆ ಕಿಟಕಿ ಮುಚ್ಚಿದ ಬಚ್ಚಲಮನೆ ಆಗುತ್ತದೆ ಒಳಗಡೆ. ನಮ್ಮ ಕಡೆಯ ಹಿಮಕ್ಕೆ ಇದು ಇನ್ನೂ ಮುಖ್ಯ. ಕೊಲರಾಡೋದಲ್ಲಿ ಹಿಮ ಒಣಗಿದ ಹಿಟ್ಟಿನ ಹಾಗೆ, ಉಫ್ ಅಂದರೆ ಹಾರುತ್ತದೆ. ಸ್ನೋಕ್ವಾಲ್ಮಿ ಪಾಸ್ ಇರುವುದು 920 ಮೀಟರ್ ಎತ್ತರದಲ್ಲಿ, ಸಮುದ್ರವೂ ದೂರ ಇಲ್ಲ, ಚಳಿ ಸೊನ್ನೆಯ ಆಚೀಚೆ ಆಡುತ್ತಿರುತ್ತದೆ. ಹಿಮ ಒದ್ದೆ, ಭಾರ, ಕೆಲವೊಮ್ಮೆ ಮಳೆಯೇ. ಇಲ್ಲಿಯವರು ಅದಕ್ಕೆ, ಈ ಬೆಟ್ಟಸಾಲಿನ ಹೆಸರು ಸೇರಿಸಿ, 'ಕ್ಯಾಸ್ಕೇಡ್ ಕಾಂಕ್ರೀಟ್' ಅಂತಾರೆ. ಕೊಲರಾಡೋದ ನಿನ್ನ ಫ್ರೆಂಡು "ನನಗೆ ಯಾವತ್ತೂ ಆವಿ ಕಟ್ಟಿಲ್ಲ" ಅಂದನಂತೆ. ಅವನಿಗೆ ಹೇಳು, ಇಲ್ಲಿ ಬಂದು ನೋಡಪ್ಪ ಅಂತ.

ಫೋಮ್ ಒದ್ದೆಯಾಗಿ ಒಳಗೆ ನೀರು ನಿಂತರೆ ಗುಡ್ಡದ ಮೇಲೆ ಏನೂ ಮಾಡಲಾಗದು. ಬಿಚ್ಚಿ ಜೋರಾಗಿ ಕೊಡವಿ, ಒಳಗೆ ಲಾಡ್ಜ್‌ಗೆ ಹೋಗು. ದೊಡ್ಡಣ್ಣಾ, ಇದು ನಮ್ಮೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಲಾಡ್ಜ್ ಅಲ್ಲ, ಕಾಫಿ ಕುಡಿಯುವ ಜಾಗ. ಅಲ್ಲಿ ಒಳಗೆ ಹೋದ ಕೂಡಲೇ ಗಾಗಲ್ಸ್ ಪೂರ್ತಿ ಬೆಳ್ಳಗಾಗುತ್ತದೆ, ಫ್ರಿಜ್‌ನಿಂದ ತೆಗೆದ ಚೊಂಬಿನ ಹಾಗೆ. ಗಾಬರಿ ಆಗಬೇಡ. ಅದರ ಜೊತೆ ಒಂದು ಮೆತ್ತನೆಯ ಚೀಲ ಬಂದಿರುತ್ತಲ್ಲ, ಅದರಲ್ಲಿ ಉಜ್ಜದೆ ಸುಮ್ನೆ ಒತ್ತಿ ಒತ್ತಿ ನೀರು ಹೀರಿಸು. ಆಮೇಲೆ ಟೇಬಲ್ ಮೇಲೆ ಲೆನ್ಸ್ ಕೆಳಗಾಗದ ಹಾಗೆ ಬಿಟ್ಟು ಕಾಫಿ ಕುಡಿ. ಬಾತ್‌ರೂಮಿನಲ್ಲಿ ಕೈ ಒಣಗಿಸುವ ಮೆಷಿನ್ ಕೆಳಗೆ ಹಿಡಿದುಕೊಂಡು ನಿಲ್ಲುವವರನ್ನು ನೋಡುತ್ತೀಯ. ನೀನು ನಿಲ್ಲಬೇಡ. ಆ ಬಿಸಿಗೆ ಎರಡು ಲೆನ್ಸ್ ಅಂಟಿಸಿದ ಅಂಚು ಬಿಟ್ಟುಕೊಂಡರೆ ಆವಿ ಎರಡರ ನಡುವೆ ಹೋಗಿ ಕೂರುತ್ತದೆ. ಹಾಗೆ ಆದಾಗ ಮಾತ್ರ ಹೊಸ ಲೆನ್ಸ್ ತಗೋ, ಅದಕ್ಕೆ ಬೇರೆ ಮದ್ದಿಲ್ಲ.

ಭಾವಾ, ಟೂತ್‌ಪೇಸ್ಟ್ ಹಚ್ಚಿ ಈಜುವ ಕನ್ನಡಕ, ಹೆಲ್ಮೆಟ್ ಗಾಜು ಒರೆಸುವವರು ಇದ್ದಾರೆ, ನಿಜ. ಆದರೆ ಪೇಸ್ಟಿನಲ್ಲಿ ಸಣ್ಣ ಪುಡಿ ಇರುತ್ತದೆ, ಹಲ್ಲು ಉಜ್ಜಲು ಅದು ಬೇಕು, ಈ ಲೇಪಕ್ಕೆ ಅದೇ ಶತ್ರು. ದೊಡ್ಡಣ್ಣ ಹೇಳಿದ ಹೊಗೆಸೊಪ್ಪಂತೂ ನನಗೆ ಖುಷಿ ಕೊಟ್ಟಿತು. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಬಸ್ ನಿಲ್ಲಿಸಿ, ಡ್ರೈವರ್ ಬೀಡಿ ಬಿಚ್ಚಿ ಮುಂದಿನ ಗಾಜಿಗೆ ಉಜ್ಜುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅದು ಗಾಜು ಅಣ್ಣಾ, ಏನು ಉಜ್ಜಿದರೂ ತಡೆಯುತ್ತದೆ. ಇದು ಪ್ಲಾಸ್ಟಿಕ್. ಅಂಗಡಿಯಲ್ಲಿ ಆವಿ ತಡೆಯುವ ಸ್ಪ್ರೇ ಸಿಗುತ್ತದೆ. ಲೇಪ ಹಾಳಾದ ಹಳೆಯ ಗಾಗಲ್ಸಿಗೆ ಅದು ಒಂದು ದಿನದ ಮಟ್ಟಿಗೆ ಆಗುತ್ತದೆ, ಚೆನ್ನಾಗಿರುವ ನಿನ್ನದಕ್ಕೆ ಬೇಡ. ಬ್ಯಾಟರಿ ಫ್ಯಾನ್ ಇರುವ ಗಾಗಲ್ಸ್ ಕೂಡ ಇದೆ, ಸುಳ್ಳಲ್ಲ, ಕೆಲಸ ಮಾಡುತ್ತದೆ. ಆದರೆ ಮೂಗು ಮುಚ್ಚಿಕೊಂಡವನಿಗೆ ಫ್ಯಾನ್ ಯಾಕೆ?

ಇನ್ನೊಂದು ಅನುಮಾನ ಇದೆ ನನಗೆ. ನೀನು ಮಬ್ಬು ಮಬ್ಬು ಅಂದದ್ದೆಲ್ಲ ಆವಿ ಇರಲಿಕ್ಕಿಲ್ಲ. ನಿನ್ನ ಲೆನ್ಸ್ ಕನ್ನಡಿ ಹಾಗೆ ಹೊಳೆಯುವ ಕಪ್ಪು. ಪಟ್ಟಿಯ ಮೇಲೋ ಡಬ್ಬಿ ಮೇಲೋ ಎಸ್ 3 ಅಂತ ಇದೆಯಾ ನೋಡು. ಇದ್ದರೆ ಅದು 8ರಿಂದ 18 ಪರ್ಸೆಂಟ್ ಬೆಳಕು ಮಾತ್ರ ಒಳಗೆ ಬಿಡುತ್ತದೆ. ಬಿಸಿಲಿಗೆ ಅದು ಸರಿ. ಆದರೆ ಶನಿವಾರ ಅಲ್ಲಿ ಮೋಡ ನೆಲಕ್ಕೇ ಇಳಿದಿತ್ತು ಅಂದೆ. ಅಂಥ ದಿನ ಎಸ್ 1 ಬೇಕು, ಹಳದಿ ಅಥವಾ ಗುಲಾಬಿ ಬಣ್ಣದ್ದು, 43ರಿಂದ 80 ಪರ್ಸೆಂಟ್ ಬೆಳಕು ಬಿಡುತ್ತದೆ. ಮುಂದಿನ ಸಲ ಕಾಣದೆ ಹೋದಾಗ ಒಂದು ಸಲ ಗಾಗಲ್ಸ್ ಎತ್ತಿ ಬರಿಗಣ್ಣಲ್ಲಿ ನೋಡು. ಆಗಲೂ ಬೆಳ್ಳಗೇ ಕಂಡರೆ ಅದು ಮೋಡ, ನಿಧಾನಕ್ಕೆ ಇಳಿ. ಎತ್ತಿದ ಕೂಡಲೇ ಚೆನ್ನಾಗಿ ಕಂಡರೆ ಒಳಗಿನ ಮೈಗೆ ಹನಿ ಇದೆಯಾ ನೋಡು. ಇಲ್ಲದಿದ್ದರೆ ಲೆನ್ಸ್ ಕಪ್ಪು, ಅಷ್ಟೇ. ದುಡ್ಡು ಖರ್ಚು ಮಾಡಲೇಬೇಕು ಅಂತ ಕೈ ಕಡಿಯುತ್ತಿದ್ದರೆ ನಿನ್ನ ಗಾಗಲ್ಸಿಗೇ ಹೊಂದುವ ಒಂದು ತಿಳಿ ಬಣ್ಣದ ಲೆನ್ಸ್ ತಗೋ. ಒಂದು ಒದ್ದೆಯಾದರೆ ಇನ್ನೊಂದು ಜೇಬಿನಲ್ಲಿರುತ್ತದೆ.

ಸರಿ, ನನ್ನ ಅನ್ನವೂ ಆಯ್ತು. ಈ ಶನಿವಾರ ನಾನೂ ನಿಮ್ಮ ಮಾವನೂ ಹೋಗುತ್ತಿದ್ದೇವೆ. ಏಳು ಗಂಟೆಗೆ ಮನೆಗೆ ಬಾ, ಅವಲಕ್ಕಿ ಮಾಡಿರುತ್ತೇನೆ. ಗಾಗಲ್ಸನ್ನು ಇವತ್ತೇ ಬ್ಯಾಗಿನಿಂದ ತೆಗೆದು ಮನೆಯೊಳಗೆ ಆರಲು ಇಡು, ಹೋದ ವಾರದ ಒದ್ದೆ ಇನ್ನೂ ಫೋಮಿನಲ್ಲಿರುತ್ತದೆ. ಶನಿವಾರ ಬರುವಾಗ ಕಾರಿನ ಡಿಕ್ಕಿಯಲ್ಲಿ ಬೋರ್ಡ್ ಇರಲಿ, ಗಾಗಲ್ಸ್ ಮಾತ್ರ ಮುಂದೆ ನಿನ್ನ ಪಕ್ಕ ಇಟ್ಟುಕೊಂಡು ಬಾ, ತಣ್ಣಗಾಗದ ಹಾಗೆ. ಮತ್ತೆ ಅಜ್ಜಿಗೆ ಒಂದು ಫೋನ್ ಮಾಡು, ಸ್ವೆಟರ್ ಬೇಡ ಅಂದೆ ಅಂತ ಅವರು ಬೇಜಾರು ಮಾಡಿಕೊಂಡಿರುತ್ತಾರೆ. ವಾಪಸ್ ಬರುವಾಗ ಕಾರಿನಲ್ಲಿ ಹಾಕಿಕೋ ಅಂದಳು ಅತ್ತೆ ಅಂತ ಹೇಳು.