ಲಸಿಕೆ ಆದಮೇಲೆ ಅಮ್ಮನ ಕಣ್ಣು ಕೆಂಪಾಗಿತ್ತು, ಈಗ ಫ್ಲೂ ಲಸಿಕೆ ಹಾಕಿಸಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. 2021ರಲ್ಲಿ ಕೋವಿಡ್ ಲಸಿಕೆಯ ಎರಡನೇ ಡೋಸ್ ಆಗಿ ಹತ್ತು ದಿನಕ್ಕೆ ಅಮ್ಮನ ಬಲಗಣ್ಣು ಕೆಂಪಾಯ್ತು, ಬೆಳಕಿಗೆ ಕಣ್ಣು ಬಿಡೋಕಾಗ್ತಿರಲಿಲ್ಲ. ಮದ್ರಾಸ್ ಐ ಅಂದ್ಕೊಂಡು ಮೆಡಿಕಲ್ ಶಾಪಿಂದ ಡ್ರಾಪ್ಸ್ ತಂದು ನಾಲ್ಕು ದಿನ ಹಾಕಿದ್ವಿ. ಆಮೇಲೆ ಕಣ್ಣಿನ ಡಾಕ್ಟ್ರು ಯುವಿಯೈಟಿಸ್ ಅಂದ್ರು, ಆರು ವಾರಕ್ಕೆ ವಾಸಿಯಾಯ್ತು. ಈಗ ಅಮ್ಮನಿಗೆ 64, ಶುಗರ್ ಇದೆ. ಫ್ಲೂ ಲಸಿಕೆ ಹಾಕಿಸಿ ಅಂತ ನಮ್ಮ ಡಾಕ್ಟ್ರು ಹೇಳ್ತಿದ್ದಾರೆ, ಅಮ್ಮ ಬಿಲ್‌ಕುಲ್ ಬೇಡ ಅಂತಾರೆ.

ಉತ್ತರ: ಅಮ್ಮನ ಭಯ ಸುಳ್ಳಲ್ಲ. ಯುವಿಯೈಟಿಸ್ ಅಂದ್ರೆ ಕಣ್ಣಿನ ನಡುಪದರದ ಉರಿಯೂತ. ಕೋವಿಡ್, ಹೆಪಟೈಟಿಸ್ ಬಿ, ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತಡೆಯೋದು), ಫ್ಲೂ ಲಸಿಕೆಗಳ ನಂತರ ಇಂಥ ಕೇಸುಗಳು ವರದಿಯಾಗಿವೆ. ಆದರೆ ಅಪರೂಪ, ಹೆಚ್ಚಿನವು ಕಣ್ಣಿನ ಮುಂಭಾಗದವು, ಡ್ರಾಪ್ಸ್‌ನಲ್ಲೇ ಇಳಿದವು. 2021ರ ಅಕ್ಟೋಬರ್ ಹೊತ್ತಿಗೆ ದೇಶದಲ್ಲಿ ನೂರು ಕೋಟಿ ಡೋಸ್ ಆಗಿತ್ತು. ಲಸಿಕೆ ಇಲ್ಲದೆಯೂ ಬರುವ ಕಾಯಿಲೆ ಇದು, ಹಾಗಾಗಿ ಅಷ್ಟು ಜನರಲ್ಲಿ ಕೆಲವರಿಗೆ ಲಸಿಕೆಯ ಆಸುಪಾಸಲ್ಲೇ ತಾನಾಗಿ ಬಂದಿರುತ್ತೆ. ಅಮ್ಮನದು ಯಾವುದು ಅಂತ ಒಂದೇ ಸಲದ ಕಾಯಿಲೆ ನೋಡಿ ಹೇಳೋಕೆ ಬರಲ್ಲ.

ನನ್ನ ಅಮ್ಮನಾಗಿದ್ರೆ ನಾನು ಹಾಕಿಸ್ತಿದ್ದೆ. ಚುಚ್ಚುಮದ್ದಿನ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರಲ್ಲ, ಶುಗರ್ ಇರೋರಿಗೆ ಫ್ಲೂ ಬಂದ್ರೆ ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಜಾಸ್ತಿ. ಮೊದಲು ಒಮ್ಮೆ ಕಣ್ಣಿನ ಡಾಕ್ಟ್ರ ಹತ್ರ ಸ್ಲಿಟ್ ಲ್ಯಾಂಪ್‌ನಲ್ಲಿ (ಕಣ್ಣು ನೋಡುವ ಸೂಕ್ಷ್ಮದರ್ಶಕ) ಕಣ್ಣು ನೋಡಿಸಿ, ಉರಿಯೂತ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ.

ನನಗೆ ಹೆಚ್ಚು ಸಂಕಟ ಆಗಿದ್ದು ಆ ನಾಲ್ಕು ದಿನದ ಬಗ್ಗೆ. ಮದ್ರಾಸ್ ಐನಲ್ಲಿ ಗೀಜು ಬರುತ್ತೆ. ಯುವಿಯೈಟಿಸ್‌ನಲ್ಲಿ ಗೀಜಿಲ್ಲ, ಕರಿಗುಡ್ಡೆ ಸುತ್ತ ಕೆಂಪು, ಬೆಳಕಿಗೆ ನೋವು, ದೃಷ್ಟಿ ಮಂಜು. ಆ್ಯಂಟಿಬಯಾಟಿಕ್ ಡ್ರಾಪ್ಸ್ ಇದಕ್ಕೆ ಏನೂ ಮಾಡಲ್ಲ. ಸ್ಟೀರಾಯ್ಡ್ ಡ್ರಾಪ್ಸ್ ಬೇಕು, ಆದರೆ ಅದನ್ನೂ ಅಂಗಡಿಯವರನ್ನ ಕೇಳಿ ಹಾಕಬಾರದು. ಕಣ್ಣಲ್ಲಿ ಹರ್ಪಿಸ್ ವೈರಸ್‌ನ ಹುಣ್ಣಿದ್ದರೆ ಸ್ಟೀರಾಯ್ಡ್‌ನಿಂದ ಕರಿಗುಡ್ಡೆ ಮೇಲೆ ಶಾಶ್ವತ ಕಲೆ ಉಳಿಯಬಹುದು.

ಪ್ರಶ್ನೆ: ಮೇಡಂ, ಇದನ್ನ ಓದಿ ಟಾರ್ಚ್ ಹಿಡಿದು ನೋಡಿದೆ. ಆ ಕಣ್ಣಿನ ಪಾಪೆ ದುಂಡಗಿಲ್ಲ, ಒಂದು ಕಡೆ ಎಳೆದ ಹಾಗಿದೆ!

ಉತ್ತರ: ಗಾಬರಿ ಬೇಡಮ್ಮ. ಉರಿಯೂತದಲ್ಲಿ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತೆ, ಅದು ಬಿಡದೆ ಉಳಿದಿರಬಹುದು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಬೇಗ ಶುರು ಮಾಡೋದು ಇದಕ್ಕೇ. ಈ ವಾರವೇ ತೋರಿಸಿ, ಕಣ್ಣಿನ ಒತ್ತಡ, ಪೊರೆ ಎರಡನ್ನೂ ನೋಡ್ತಾರೆ. ಹಳೇ ಚೀಟಿ ಇದ್ದರೆ ತಗೊಂಡು ಹೋಗಿ. ಲಸಿಕೆ ಆದಮೇಲೆ ಕಣ್ಣು ಕೆಂಪಾದ್ರೆ ಅವತ್ತೇ ಹೋಗಿ. ಎರಡೂ ಕಣ್ಣು ಮಂಜಾಗಿ ತಲೆನೋವು, ಕಿವಿಯಲ್ಲಿ ಗುಂಯ್ ಶಬ್ದ ಶುರುವಾದ್ರೆ ರಾತ್ರಿಯಾದ್ರೂ ಕಾಯಬೇಡಿ.